ಜೈಲಿನ ಕಂಟ್ರೋಲ್ ರೂಮ್: ಬಟನ್ ಪ್ಯಾನೆಲ್ಲೋ, ಟಚ್ ಸ್ಕ್ರೀನೋ?

ಬಾಗಿಲು ತೆರೆಯುವ ಕೆಲಸ ಎರಡರದ್ದೂ ಒಂದೇ. ಹಿಂದಿರುವ ಪಿಎಲ್‌ಸಿ ನಿಯಂತ್ರಕವೂ (ಆಜ್ಞೆ ಪಡೆದು ಬೀಗಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಒಂದೇ ಇರಬಹುದು. ವ್ಯತ್ಯಾಸ ಕಾಣುವುದು ಗಲಾಟೆಯ ಹೊತ್ತಿನಲ್ಲಿ.

ಬಟನ್ ಪ್ಯಾನೆಲ್‌ನಲ್ಲಿ ಪ್ರತಿ ಬಾಗಿಲಿಗೂ ಅದರದೇ ಜಾಗವಿದೆ. ಕೆಂಪು, ಹಸಿರು ದೀಪಗಳು ಇಡೀ ವಿಭಾಗದ ಸ್ಥಿತಿಯನ್ನು ಒಂದೇ ನೋಟಕ್ಕೆ ತೋರಿಸುತ್ತವೆ. ವರ್ಷಗಟ್ಟಲೆ ಕೂತವರ ಬೆರಳು ತಾನಾಗಿಯೇ ಸರಿಯಾದ ಗುಂಡಿಗೆ ಹೋಗುತ್ತದೆ. ಆದರೆ ಹೊಸ ಬ್ಲಾಕ್ ಕಟ್ಟಿದರೆ ಪ್ಯಾನೆಲ್ಲನ್ನೇ ಕೊರೆದು ವೈರಿಂಗ್ ಮಾಡಬೇಕು.

ಟಚ್ ಸ್ಕ್ರೀನ್‌ನಲ್ಲಿ ನಕ್ಷೆ ಬದಲಿಸುವುದು ಸುಲಭ. ಇಂಟರ್‌ಕಾಮ್ ಕರೆ ಬಂದರೆ ಆ ಬಾಗಿಲಿನ ಕ್ಯಾಮೆರಾ ತಾನೇ ಮೂಡುವಂತೆ ಮಾಡಬಹುದು; ಯಾರು, ಯಾವಾಗ, ಯಾವ ಬಾಗಿಲು ತೆರೆದರು ಎಂಬುದು ದಾಖಲಾಗುತ್ತದೆ. ತನಿಖೆಗೆ ಇದು ಬಹಳ ದೊಡ್ಡ ಆಸರೆ. ಅಪಾಯವೂ ಇಲ್ಲೇ ಇದೆ: ತಪ್ಪು ಪುಟದಲ್ಲಿ ಒಂದು ಸ್ಪರ್ಶ ಸಾಕು. 2013ರಲ್ಲಿ ಮಯಾಮಿಯ ಜೈಲೊಂದರ ಗರಿಷ್ಠ ಭದ್ರತಾ ವಿಭಾಗದಲ್ಲಿ ಸೆಲ್ ಬಾಗಿಲುಗಳು ಒಮ್ಮೆಗೇ ತೆರೆದುಕೊಂಡವು. ಹಲ್ಲೆಗೆ ಹೆದರಿದ ಕೈದಿಯೊಬ್ಬ ಮೇಲಿನ ಅಂತಸ್ತಿನಿಂದ ಕೆಳಕ್ಕೆ ಹಾರಿದ. ಹಾಗಾಗಿ ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ತೆರೆಯುವ ಆಜ್ಞೆಗೆ ಎರಡನೇ ದೃಢೀಕರಣ ಕಡ್ಡಾಯವಾಗಿರಲಿ.

ನನ್ನ ಆಯ್ಕೆ? ದೊಡ್ಡ ಸಂಸ್ಥೆಗೆ ಟಚ್ ಸ್ಕ್ರೀನ್, ಜೊತೆಗೆ ಮುಖ್ಯದ್ವಾರಕ್ಕೂ ಬೆಂಕಿಯ ವೇಳೆ ತೆರವಿಗೂ ಪ್ರತ್ಯೇಕ ಬಟನ್‌ಗಳು. ಬಾಗಿಲುಗಳು ಕಡಿಮೆಯಿದ್ದು ವಿಸ್ತರಣೆಯ ಯೋಚನೆ ಇಲ್ಲದಿದ್ದರೆ ಪ್ಯಾನೆಲ್ ಸಾಕು.

ಯಾವುದನ್ನೇ ಆರಿಸಿ, ಒಂದರ ಹಿಂದೊಂದು ಇರುವ ಜೋಡಿ ಬಾಗಿಲುಗಳಲ್ಲಿ ಒಂದು ಮುಚ್ಚದೆ ಇನ್ನೊಂದು ತೆರೆಯಬಾರದು. ಯುಪಿಎಸ್, ಜನರೇಟರ್ ಇರಲೇಬೇಕು. ಕೈಯಿಂದ ಬಾಗಿಲು ತೆರೆಯುವ ಕೀಲಿಗಳ ಗೊಂಚಲನ್ನು ಪ್ರತಿ ಪಾಳಿಯಲ್ಲೂ ಎಣಿಸಿ: ಹೊಗೆ ತುಂಬಿದ ಸೆಲ್ಲಿನಲ್ಲಿ ಬೀಗದೊಳಗೆ ಇರುವವರ ಜೀವ ಕೊನೆಗೆ ಆ ಕೀಲಿಯನ್ನೇ ನಂಬಿರುತ್ತದೆ.