ಮುತ್ತಿನ ಫಾರ್ಮ್ ನೋಡಲು ಹೋಗುವ ಮುಂಚೆ ಇದೊಂದು ಓದಿಬಿಡಿ

ದಸರಾ ರಜೆ ಹತ್ತಿರ ಬಂತು. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಮನೆಮನೆಯಲ್ಲೂ ಮಾತು ಶುರುವಾಗಿರುತ್ತದೆ. ಸಕ್ರೆಬೈಲಿನ ಆನೆ ಆಯಿತು, ತ್ಯಾವರೆಕೊಪ್ಪದ ಸಿಂಹಧಾಮ ಆಯಿತು, ಜೋಗವಂತೂ ಎಷ್ಟು ಸಲ ನೋಡಿದೆವೋ. ಹೊಸದೇನಾದರೂ ಇದೆಯಾ ಅಂತ ಹುಡುಕುವಾಗ "ಮುತ್ತಿನ ಫಾರ್ಮ್, ಒಂದು ದಿನದ ಟೂರ್, ಊಟ ಸೇರಿ" ಅನ್ನುವಂಥ ಜಾಹೀರಾತು ಕಣ್ಣಿಗೆ ಬಿದ್ದರೆ, ಫೋನ್ ಮಾಡುವ ಮುಂಚೆ ಇದನ್ನು ಪೂರ್ತಿ ಓದಿ.

ಹೋದ ವರ್ಷ ಇದೇ ರಜೆಯಲ್ಲಿ ನಾವು ಅಂಥ ಒಂದು ಕಡೆ ಹೋಗಿದ್ದೆವು. ಟಿಕೆಟ್ ದುಡ್ಡು ಹೋಯಿತು ಅಂತ ನಾನು ಬರೆಯುತ್ತಿಲ್ಲ. ಆ ದಿನ ನಮ್ಮ ಜೊತೆ ಬಂದಿದ್ದ ಚಿಕ್ಕಪ್ಪ ಆಮೇಲೆ 1,80,000 ರೂಪಾಯಿ ಕಳೆದುಕೊಂಡರು. ಅವರು ಬರುವುದಿಲ್ಲ ಅಂದಿದ್ದರು. ಬನ್ನಿ ಚಿಕ್ಕಪ್ಪ, ಸುಮ್ನೆ ಒಂದು ದಿನ ತಿರುಗಾಡಿ ಬರೋಣ ಅಂತ ಒತ್ತಾಯ ಮಾಡಿ ಕರೆದುಕೊಂಡು ಹೋದವಳು ನಾನು. ಆ ಭಾರ ಇನ್ನೂ ಇಳಿದಿಲ್ಲ.

ಫಾರ್ಮಿನ ಹೆಸರು, ಊರು ಬರೆಯುವುದಿಲ್ಲ. ದೂರು ಕೊಡುವ ಕೆಲಸ ನಡೆಯುತ್ತಿದೆ, ಈಗ ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ. ಚಿಕ್ಕಪ್ಪನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೊರಟೆವು. ಗಾಜನೂರು ದಾಟಿ ಮಂಡಗದ್ದೆಯಲ್ಲಿ ತಿಂಡಿ ತಿಂದು, ಮುಂದೆ ಎಲ್ಲೋ ಒಳಗೆ ಮಣ್ಣು ರಸ್ತೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಅಣ್ಣ ಅತ್ತಿಗೆ, ಅವರ ಮಗ, ಹೊಸನಗರ ಕಡೆಯಿಂದ ಬಂದಿದ್ದ ಚಿಕ್ಕಪ್ಪ. ದೊಡ್ಡವರಿಗೆ 600, ಮಕ್ಕಳಿಗೆ 400. ಅಡಿಕೆ ತೋಟದ ಮಧ್ಯೆ ಪ್ಲಾಸ್ಟಿಕ್ ಹೊದಿಸಿದ ಎರಡು ಕೃಷಿ ಹೊಂಡ, ಒಂದು ತಗಡಿನ ಶೆಡ್, ಬಾಗಿಲಲ್ಲಿ ಚಿಪ್ಪಿನ ತೋರಣ. ನೋಡಲು ಚೆನ್ನಾಗಿಯೇ ಇತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ಹೊಂಡಗಳಿಗೆ ಬೇಲಿ ಇರಲಿಲ್ಲ. ಹಿಡಿದುಕೊಳ್ಳಲು ಹಗ್ಗ ಇಲ್ಲ, ಟ್ಯೂಬ್ ಇಲ್ಲ. ಪ್ಲಾಸ್ಟಿಕ್ ಹೊಂಡದಲ್ಲಿ ಪಾಚಿ ಕಟ್ಟಿದರೆ ಈಜು ಬರುವ ದೊಡ್ಡವರಿಗೂ ಮೇಲೆ ಹತ್ತಲು ಆಗುವುದಿಲ್ಲ. ಅಣ್ಣನ ಮಗ ಅಂಚಿನಲ್ಲಿ ಜಾರಿ ಕೂತ. ಯಜಮಾನರು ಪಕ್ಕದಲ್ಲೇ ಇದ್ದು ತೋಳು ಹಿಡಿದರು. ಮುತ್ತಿನದಿರಲಿ, ಮೀನಿನದಿರಲಿ, ಬೇಲಿ ಇಲ್ಲದ ಹೊಂಡ ಕಂಡರೆ ಮಕ್ಕಳನ್ನು ಕಾರಿನಿಂದಲೇ ಇಳಿಸಬೇಡಿ.

ಫಾರ್ಮ್ ತೋರಿಸಿದ ಯುವಕ ಬಹಳ ಚೆನ್ನಾಗಿ ಮಾತಾಡುತ್ತಿದ್ದ. ಆಮೇಲೆ ನಾನು ಓದಿ, ಗೊತ್ತಿದ್ದವರನ್ನು ಕೇಳಿ ನೋಡಿದರೆ ಅವನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಜಪಾನಿನ ಮಿಕಿಮೊಟೊ 1893ರಲ್ಲಿ ಮೊದಲು ಅರ್ಧ ಮುತ್ತು ಬೆಳೆದದ್ದು ನಿಜ. ಸಿಹಿನೀರಿನ ಕಪ್ಪೆಚಿಪ್ಪಿನಲ್ಲೂ ಮುತ್ತು ಬೆಳೆಯಬಹುದು ಅನ್ನುವುದು ನಿಜ. ಭುವನೇಶ್ವರದ ಹತ್ತಿರ ಕೌಸಲ್ಯಗಂಗದಲ್ಲಿ ಸಿಹಿನೀರು ಜಲಕೃಷಿಯ ಕೇಂದ್ರ ಸಂಸ್ಥೆ ಇದೆ, ಅಲ್ಲಿ ಇದರ ತರಬೇತಿ ಕೊಡುತ್ತಾರೆ, ಅದೂ ನಿಜ. ಚಿಪ್ಪನ್ನು ಸ್ವಲ್ಪವೇ ತೆರೆದು, ಒಳಗಿನ ತೆಳು ಪೊರೆಯ ಕೆಳಗೆ ಗಣಪತಿಯ ಆಕಾರದ ಅಚ್ಚಿನ ಮಣಿ ಇಡುತ್ತಾರೆ. ಇದಕ್ಕೆ ಅವರು ಆಪರೇಷನ್ ಅನ್ನುತ್ತಾರೆ. ಹತ್ತು ದಿನ ಔಷಧಿ ನೀರಿನಲ್ಲಿ ಆರೈಕೆ. ಆಮೇಲೆ ನೈಲಾನ್ ಬಲೆ ಚೀಲದಲ್ಲಿ ಎರಡೆರಡು ಚಿಪ್ಪು ಹಾಕಿ, ಸುಮಾರು ಒಂದು ಮೀಟರ್ ಆಳಕ್ಕೆ ಪಿವಿಸಿ ಪೈಪಿನಿಂದ ತೂಗುಬಿಡುತ್ತಾರೆ. 12ರಿಂದ 18 ತಿಂಗಳಲ್ಲಿ ಮಣಿಯ ಮೇಲೆ ಮುತ್ತಿನ ಪದರ ಕೂರುತ್ತದೆ.

ಎಲ್ಲವೂ ಸರಿ. ಇಷ್ಟು ಸರಿಯಾಗಿ ಹೇಳುವವನು ಸುಳ್ಳು ಹೇಳಲಾರ ಅಂತ ನಮಗೆ ಅನ್ನಿಸಿದ್ದೇ ಹಾಗೆ.

ಯಜಮಾನರು ಒಂದು ಬಲೆ ಚೀಲ ಮೇಲೆತ್ತಲು ಹೋದರು. "ಸಾರ್, ಮುಟ್ಟಬೇಡಿ, ಚಿಪ್ಪಿಗೆ ಡಿಸ್ಟರ್ಬ್ ಆಗುತ್ತೆ" ಅಂತ ಯುವಕ ಓಡಿ ಬಂದ. ಅಷ್ಟರಲ್ಲಿ ಅರ್ಧ ಮೇಲೆ ಬಂದಿತ್ತು. ಒಳಗಿದ್ದ ಎರಡು ಚಿಪ್ಪೂ ಬಾಯಿ ಬಿಟ್ಟುಕೊಂಡಿದ್ದವು, ಒಳಗೆ ಕೆಸರು ತುಂಬಿತ್ತು. ಜೀವ ಇರುವ ಚಿಪ್ಪು ಮುಟ್ಟಿದ ಕೂಡಲೇ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಸತ್ತದ್ದು ಬಾಯಿ ಬಿಡುತ್ತದೆ. ಇದು ಹೊಳೆ ದಂಡೆಯಲ್ಲಿ ಆಡಿದ ಯಾರಿಗಾದರೂ ಗೊತ್ತು. ನಮಗೂ ಗೊತ್ತಿತ್ತು. ಒಂದೆರಡು ಸತ್ತಿರಬಹುದು ಅಂದುಕೊಂಡು ಮುಂದೆ ಹೋದೆವು.

ಆಮೇಲೆ ಬಂತು ಮಕ್ಕಳ ಆಟ. ಶೆಡ್ಡಿನಲ್ಲಿ ಒಂದು ಟ್ರೇ ತುಂಬ ಚಿಪ್ಪು. ಮಕ್ಕಳು ತಮಗೆ ಬೇಕಾದ್ದನ್ನು ಆರಿಸಬಹುದು, ಒಡೆದು ಮುತ್ತು ತೆಗೆದು ಕೊಡುತ್ತಾರೆ, ಒಂದಕ್ಕೆ 300 ರೂಪಾಯಿ. ಮಗಳು ಬಹಳ ಹೊತ್ತು ಯೋಚಿಸಿ ಒಂದನ್ನು ತೆಗೆದುಕೊಂಡಳು. ಚಾಕು ತಾಗಿಸಿದ್ದೇ ತಡ, ಚಿಪ್ಪು ತೆರೆದುಕೊಂಡಿತು. ಒಳಗೆ ದುಂಡನೆಯ ಕಡು ನೇರಳೆ ಮುತ್ತು. ಅವಳ ಮುಖ ನೋಡಬೇಕಿತ್ತು ನೀವು. ಅಣ್ಣನ ಮಗನಿಗೆ ಹಸಿರು ಮುತ್ತು ಸಿಕ್ಕಿತು.

ಅತ್ತಿಗೆ ಗಂಗೊಳ್ಳಿಯವರು, ಕಡಲ ದಂಡೆಯಲ್ಲೇ ಬೆಳೆದವರು. ಖಾಲಿ ಚಿಪ್ಪನ್ನು ತಿರುಗಿಸಿ ನೋಡಿ, ಮೂಸಿ, ನನ್ನ ಕಿವಿಯಲ್ಲಿ ಹೇಳಿದರು: "ಇದ್ ಕೆರಿದ್ದಲ್ಲ ಮಾರಾಯ್ತಿ, ಕಡಲ್ ಚಿಪ್ಪ್. ಎಂಥದೋ ಔಷಧಿ ವಾಸನೆ ಬತ್ತಿತ್ತ್." ನಾನು ಅವರ ಕೈ ಒತ್ತಿ ಸುಮ್ಮನಿರಿಸಿದೆ. ಮಕ್ಕಳ ಖುಷಿ ಹಾಳಾಗುತ್ತದೆ ಅಂತ. ಆ ಒಂದು ಮಾತು ಅಲ್ಲೇ ಗಟ್ಟಿಯಾಗಿ ಕೇಳಿದ್ದರೆ ಚಿಕ್ಕಪ್ಪನ ಕಿವಿಗೂ ಬೀಳುತ್ತಿತ್ತು.

ಅತ್ತಿಗೆ ಹೇಳಿದ್ದು ಸರಿಯೇ ಇತ್ತು. ನಮ್ಮ ಕೆರೆ ಹೊಳೆಯ ಕಪ್ಪೆಚಿಪ್ಪು ಉದ್ದಕ್ಕೆ ಇರುತ್ತದೆ, ಹೊರಗೆ ಕಪ್ಪು ಕಂದು. ಟ್ರೇಯಲ್ಲಿ ಇದ್ದದ್ದು ಅಗಲವಾಗಿ, ಒಂದು ಕಡೆ ನೇರ ಅಂಚಿದ್ದು, ಮೇಲೆ ಹೊಪ್ಪಳೆ ಹೊಪ್ಪಳೆಯಾಗಿ ಇತ್ತು. ಅದು ಸಮುದ್ರದ ಮುತ್ತಿನ ಚಿಪ್ಪಿನ ರೂಪ. ತೂತುಕುಡಿಯಲ್ಲಿ 1973ರಲ್ಲಿ ನಮ್ಮ ವಿಜ್ಞಾನಿಗಳು ದುಂಡು ಮುತ್ತು ಬೆಳೆದದ್ದು ಅಂಥ ಕಡಲ ಚಿಪ್ಪಿನಲ್ಲಿ. ಉಪ್ಪುನೀರಿನ ಆ ಜೀವ ಮಲೆನಾಡಿನ ಹೊಂಡದಲ್ಲಿ ಬದುಕುವುದೇ ಇಲ್ಲ. ಸತ್ತ ಕಡಲ ಚಿಪ್ಪಿನೊಳಗೆ ಬಣ್ಣ ಹಾಕಿದ ಅಗ್ಗದ ಮುತ್ತು ಸೇರಿಸಿ, ಕೆಡದಂತೆ ಔಷಧಿ ಹಾಕಿ ಪ್ಯಾಕೆಟ್ ಮಾಡಿ ಮಾರುವ ವ್ಯಾಪಾರವೇ ಹೊರದೇಶಗಳಲ್ಲಿ ಇದೆ. ಹುಟ್ಟುಹಬ್ಬದ ಆಟಕ್ಕೆ ಅಂತ ಜನ ಗೊತ್ತಿದ್ದೇ ಕೊಳ್ಳುತ್ತಾರೆ. ಇವರು ಅದನ್ನೇ "ನಮ್ಮ ಹೊಂಡದ ಬೆಳೆ" ಅಂತ ಕೊಟ್ಟಿದ್ದರು.

ಹಲ್ಲಿಗೆ ಉಜ್ಜಿ ನೋಡಿದರೆ ಗೊತ್ತಾಗುತ್ತಿತ್ತಲ್ವಾ ಅಂತ ನೀವು ಕೇಳಬಹುದು. ಉಜ್ಜಿದ್ದೆವು. ಮರಳು ಮರಳಾಗಿಯೇ ಇತ್ತು. ಗಾಂಧಿ ಬಜಾರಿನಲ್ಲಿ ನಮಗೆ ಪರಿಚಯದ ಚಿನ್ನಬೆಳ್ಳಿ ಅಂಗಡಿಯವರು ನೋಡಿ, "ಮುತ್ತು ನಿಜದ್ದೇ ಅಮ್ಮ, ಬಣ್ಣ ಮಾತ್ರ ಹಾಕಿದ್ದು, ಚೀನಾದಿಂದ ಕೆ.ಜಿ. ಲೆಕ್ಕದಲ್ಲಿ ಬರುತ್ತೆ" ಅಂದರು. ಹಲ್ಲಿನ ಪರೀಕ್ಷೆ ಪ್ಲಾಸ್ಟಿಕ್ ಮಣಿಯನ್ನು ಹಿಡಿಯುತ್ತದೆ. ಈ ಮುತ್ತು ಯಾವ ಹೊಂಡದಲ್ಲಿ ಬೆಳೆದದ್ದು ಅಂತ ಹೇಳುವುದಿಲ್ಲ.

ಅದಕ್ಕಿಂತ ಒಂದು ಸರಳ ಲೆಕ್ಕ ನಮಗೆ ಹೊಳೆಯಬೇಕಿತ್ತು. ಒಂದೂವರೆ ವರ್ಷ ಸಾಕಿದ, ಆಪರೇಷನ್ ಮಾಡಿದ ಚಿಪ್ಪನ್ನು 300 ರೂಪಾಯಿಗೆ ಯಾವ ರೈತ ಮಕ್ಕಳ ಕೈಯಲ್ಲಿ ಒಡೆಸುತ್ತಾನೆ? ಅದೂ ಒಂದರಲ್ಲೂ ಖಾಲಿ ಬರದ ಹಾಗೆ?

ಊಟ ಚೆನ್ನಾಗಿತ್ತು. ಊಟ ಆದಮೇಲೆ ಹೆಂಗಸರು ಮಕ್ಕಳಿಗೆ ಮುತ್ತಿನ ಸರ ತೋರಿಸಲು ಒಂದು ಕಡೆ ಕರೆದರು, ತೋಟ ಇರುವ ಗಂಡಸರನ್ನು ಇನ್ನೊಂದು ಕಡೆ ಕೂರಿಸಿದರು. ಯಾರಿಗೆ ತೋಟ ಇದೆ, ಎಷ್ಟು ಎಕರೆ ಅಂತ ಬೆಳಗ್ಗೆಯೇ ಮಾತಿನ ನಡುವೆ ಕೇಳಿ ತಿಳಿದುಕೊಂಡಿದ್ದರು. ಬೋರ್ಡಿನ ಮೇಲೆ ಲೆಕ್ಕ ಬರೆದರಂತೆ. ಆಪರೇಷನ್ ಆದ 1,000 ಚಿಪ್ಪು ನಾವೇ ತಂದು ಬಿಡುತ್ತೇವೆ, 1,80,000 ಕೊಡಿ. ಒಂದರಲ್ಲಿ ಎರಡು ಮುತ್ತು, ಒಂದಕ್ಕೆ 250ರಂತೆ ನಾವೇ ವಾಪಸ್ ಕೊಳ್ಳುತ್ತೇವೆ, ಒಂದೂವರೆ ವರ್ಷಕ್ಕೆ 5 ಲಕ್ಷ. ಸಬ್ಸಿಡಿಯೂ ಮಾಡಿಸಿಕೊಡುತ್ತೇವೆ.

ಚಿಕ್ಕಪ್ಪನಿಗೆ ಎರಡು ಎಕರೆ ಅಡಿಕೆ. ಕೊಳೆ ರೋಗ, ಎಲೆಚುಕ್ಕಿ ರೋಗ ಅಂತ ಎರಡು ವರ್ಷ ಬೆಳೆ ಕೈಕೊಟ್ಟಿತ್ತು. ತೋಟದ ಕೆಳಗೆ ಒಂದು ಹೊಂಡ ಸುಮ್ನೆ ಇತ್ತು. ಆ ಸಂಜೆ ವಾಪಸ್ ಬರುವಾಗ ಕಾರಿನಲ್ಲಿ ಮಗಳ ನೇರಳೆ ಮುತ್ತನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಲೇ ಇದ್ದರು. ಕಣ್ಣೆದುರೇ ಚಿಪ್ಪಿನಿಂದ ಮುತ್ತು ಬಂದದ್ದನ್ನು ನೋಡಿದ್ದಾರಲ್ಲ, ಬೇರೆ ಸಾಕ್ಷಿ ಯಾಕೆ ಬೇಕು? ಮಕ್ಕಳ ಆಟ ಇದ್ದದ್ದು ಮಕ್ಕಳಿಗಾಗಿ ಅಲ್ಲ. ಇದು ನನಗೆ ಅರ್ಥವಾಗುವಾಗ ತಡವಾಗಿತ್ತು.

ನವೆಂಬರಿನಲ್ಲಿ ದುಡ್ಡು ಕೊಟ್ಟರು. ಅರ್ಧ ಬ್ಯಾಂಕಿನಿಂದ, ಅರ್ಧ ಕೈಯಲ್ಲಿ. ಜನವರಿಯಲ್ಲಿ ಚಿಪ್ಪು ಬಂತು. ಫೆಬ್ರವರಿಯಿಂದಲೇ ಒಂದೊಂದೇ ಸಾಯಲು ಶುರು. ಫೋನ್ ಮಾಡಿದರೆ "ಮೊದಲು ಮೊದಲು ಹಾಗೆಯೇ" ಅನ್ನುತ್ತಿದ್ದರು. ಮಳೆಗಾಲ ಶುರುವಾಗಿ ಅಡಿಕೆಗೆ ಔಷಧಿ ಹೊಡೆದ ಮೇಲೆ ಹತ್ತು ದಿನದಲ್ಲಿ ಉಳಿದದ್ದೆಲ್ಲ ಸತ್ತಿತು. ಹೊಂಡದ ಹತ್ತಿರ ನಿಲ್ಲಲು ಆಗದಷ್ಟು ನಾತ.

ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಪರಿಚಯದವರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಹೊಂಡವನ್ನಲ್ಲ, ಮೊದಲು ಮೇಲಿನ ತೋಟವನ್ನು ನೋಡಿದರು. ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದಿರಿ ಅಂತ ಕೇಳಿದರು. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ಬಸವನಹುಳು, ಕಪ್ಪೆಚಿಪ್ಪಿನ ಜಾತಿಗೆ ತಾಮ್ರ ವಿಷ. ಮಳೆ ನೀರಿನ ಜೊತೆ ಅದು ಇಳಿದು ಬರುವುದು ತೋಟದ ಕೆಳಗಿನ ಹೊಂಡಕ್ಕೇ. ಕಪ್ಪೆಚಿಪ್ಪು ಹೊಟ್ಟೆ ಹೊರೆಯುವುದು ನೀರನ್ನು ಸೋಸಿ, ಆದ್ದರಿಂದ ನೀರಿನಲ್ಲಿ ಇರುವುದೆಲ್ಲ ಅದರ ಮೈಗೆ ಹೋಗುತ್ತದೆ. ಅಡಿಕೆ ನಾಡಿನಲ್ಲಿ ಚಿಪ್ಪು ಮಾರುವವನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಚಿಕ್ಕಪ್ಪನನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದನ್ನೂ ಅವರು ಹೇಳಿದರು. ಚಿಪ್ಪೂ ಮುತ್ತೂ ಕ್ಯಾಲ್ಸಿಯಂನಿಂದಲೇ ಆಗುವುದು. ಬರೀ ಮಳೆ ನೀರು ತುಂಬಿದ ನಮ್ಮ ಕಡೆಯ ಹೊಂಡಗಳಲ್ಲಿ ಅದು ಕಮ್ಮಿ. ನೀರು ಪರೀಕ್ಷೆ ಮಾಡಿಸಿ, ಬೇಕಾದರೆ ಸುಣ್ಣ ಕೊಟ್ಟು, ಚಿಪ್ಪಿಗೆ ಆಹಾರವಾಗುವ ಹಸಿರು ಪಾಚಿ ಬೆಳೆದ ಮೇಲೆ ಬಿಡಬೇಕಿತ್ತು. ಇವರು ಒಂದು ಬಾಟಲಿ ನೀರನ್ನೂ ತೆಗೆದುಕೊಂಡು ಹೋಗಿರಲಿಲ್ಲ.

ಸತ್ತ ಚಿಪ್ಪುಗಳಲ್ಲಿ 64 ಬಿಡಿಸಿ ನೋಡಿದೆವು. 41ರಲ್ಲಿ ಮಣಿಯೇ ಇರಲಿಲ್ಲ. ಕೆಲವು ಚಿಪ್ಪು ಮಣಿಯನ್ನು ಹೊರಗೆ ದಬ್ಬಿಬಿಡುತ್ತವೆ, ಅದು ನಿಜ. ಆದರೆ ಇಷ್ಟೊಂದು?

ಒಪ್ಪಂದದ ಕಾಗದ ಆಮೇಲೆ ಓದಿದೆವು. ನೂರು ರೂಪಾಯಿಯ ಸ್ಟಾಂಪ್ ಪೇಪರ್. ಮೂರನೇ ಪುಟದಲ್ಲಿ "ಎ ಗ್ರೇಡ್ ಮುತ್ತು ಮಾತ್ರ ಖರೀದಿ, ಚಿಪ್ಪು ಸತ್ತರೆ ರೈತರ ಹೊಣೆ" ಅಂತ ಇದೆ. ಗ್ರೇಡ್ ನಿರ್ಧರಿಸುವವರೂ ಅವರೇ. ಈಗ ಫೋನ್ ತೆಗೆಯುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿದರೆ ಬಾಗಿಲಿನ ತೋರಣ, ಬೋರ್ಡು ಎರಡೂ ಇಲ್ಲ.

ಮುತ್ತಿನ ಕೃಷಿಯೇ ಮೋಸ ಅಂತ ನಾನು ಹೇಳುತ್ತಿಲ್ಲ. ತರಬೇತಿ ತೆಗೆದುಕೊಂಡು ಪ್ರಾಮಾಣಿಕವಾಗಿ ಮಾಡುವವರು ಇದ್ದಾರೆ, ಅವರ ಹೆಸರು ಇಂಥವರಿಂದ ಕೆಡುತ್ತಿದೆ. ನೋಡಲು ಹೋಗುವುದಾದರೆ ಹೋಗಿ. ಆದರೆ ನಿಮ್ಮ ಕೈಯಿಂದ ಒಂದು ಬಲೆ ಚೀಲ ಎತ್ತಿಸಿ ನೋಡಿ, ಬೇಡ ಅಂದರೆ ಅವರೇ ಎತ್ತಿ ತೋರಿಸಲಿ. ಆಪರೇಷನ್ ಮಾಡುವ ಜಾಗ, ಸಲಕರಣೆ ಕೇಳಿ. ಹೋದ ಬೆಳೆಯನ್ನು ಯಾರು ಕೊಂಡರು, ಬಿಲ್ ಇದೆಯಾ ಅಂತ ಕೇಳಿ. ಮಕ್ಕಳಿಗೆ ಕೊಡುವ ಚಿಪ್ಪನ್ನು ಟ್ರೇಯಿಂದಲ್ಲ, ನಿಮ್ಮ ಕಣ್ಣೆದುರು ನೀರಿನಿಂದ ತೆಗೆಯಲಿ. ಕಡು ನೀಲಿ, ಹಸಿರು, ನೇರಳೆ ಮುತ್ತು ಬಂದರೆ ಅಲ್ಲಿಂದ ಎದ್ದು ಬನ್ನಿ. ಸಬ್ಸಿಡಿ ಬೇಕಾದರೆ ನೇರವಾಗಿ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ ಕೇಳಿ. ಊಟ ಆದಮೇಲೆ ಯಾರಾದರೂ ನಿಮ್ಮ ಮನೆ ಹಿರಿಯರನ್ನು ಬೇರೆ ಕೂರಿಸಿ ಲೆಕ್ಕ ಬರೆಯಲು ಶುರು ಮಾಡಿದರೆ ನೀವೂ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ನಾನು ಆಗ ಸರ ನೋಡುತ್ತಿದ್ದೆ.

ಚಿಕ್ಕಪ್ಪ ಮೊದಲು ದೂರು ಬೇಡ ಅಂದರು. "ಯಾರ ಹತ್ರನೂ ಹೇಳಬೇಡ ಮಾರಾಯ್ತಿ, ಊರಲ್ಲಿ ಮರ್ಯಾದೆ ಹೋಗ್ತದೆ" ಅಂತ ನನ್ನ ಕೈ ಹಿಡಿದುಕೊಂಡಿದ್ದರು. ವಿಚಾರಿಸಿದಾಗ ಅದೇ ಸುತ್ತಮುತ್ತ ಇನ್ನೂ ಮೂರು ಮನೆಯವರು ದುಡ್ಡು ಕೊಟ್ಟಿರುವುದು ಗೊತ್ತಾಯಿತು. ಮೂವರೂ ನಾಚಿಕೆಯಿಂದ ಸುಮ್ಮನಿದ್ದರು. ಈಗ ನಾಲ್ವರೂ ಒಟ್ಟಿಗೆ ಬರುವ ಸೋಮವಾರ ಶಿವಮೊಗ್ಗಕ್ಕೆ ವಕೀಲರ ಹತ್ತಿರ ಬರುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಕೊಟ್ಟಿದ್ದರೆ ಒಪ್ಪಂದದ ಕಾಗದ, ಬ್ಯಾಂಕ್ ರಸೀದಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಸತ್ತ ಚಿಪ್ಪಿನ ಫೋಟೋ ದಿನಾಂಕ ಸಮೇತ ಇಟ್ಟುಕೊಳ್ಳಿ. ಟಿಕೆಟ್ ದುಡ್ಡಿನಂಥ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ದೊಡ್ಡ ಮೊತ್ತವಾದರೆ ತಡ ಮಾಡದೆ ಪೊಲೀಸ್ ಠಾಣೆಗೆ ಹೋಗಿ, ಒಬ್ಬರೇ ಹೋಗಲು ಸಂಕೋಚವಾದರೆ ಮನೆಯವರನ್ನು ಕರೆದುಕೊಂಡು ಹೋಗಿ.