ಉಳದ ನೆಲಕ್ಕೆ ಕೂರಿಗೆ: ಕಿರಿದಾದ ಕುಳವೋ, ಡಿಸ್ಕೋ?

ಉಳುಮೆಯಿಲ್ಲದೆ ಕೂಳೆಯ ನಡುವೆಯೇ ಬಿತ್ತಲು ಹಳೆಯ ಟ್ರ್ಯಾಕ್ಟರ್ ಕೂರಿಗೆಯನ್ನು ಮಾರ್ಪಡಿಸುವವರ ಮುಂದೆ ಸಾಲು ತೆರೆಯಲು ಕಿರಿದಾದ ಕುಳ ಮತ್ತು ತಿರುಗುವ ಡಿಸ್ಕ್ (ಉಕ್ಕಿನ ತಟ್ಟೆ) ಎಂಬ ಎರಡು ದಾರಿಗಳಿವೆ. ತಲೆಕೆಳಗಾದ ‘ಟಿ’ ಆಕಾರದ ಕುಳವು ಗಟ್ಟಿ ನೆಲಕ್ಕೂ ಸುಲಭವಾಗಿ ಇಳಿಯುವುದರಿಂದ ಹಗುರವಾದ ಚೌಕಟ್ಟಿಗೂ ಒಗ್ಗುತ್ತದೆ. ಆದರೆ ಬಿಡಿ ಹುಲ್ಲು ಸಿಕ್ಕಿ ಕಟ್ಟಿಕೊಳ್ಳದಿರಬೇಕಾದರೆ ಕುಳಗಳನ್ನು ಹಿಡಿದಿರುವ ತಾಳುಗಳನ್ನು ಎರಡು ಮೂರು ಅಡ್ಡಪಟ್ಟಿಗಳಿಗೆ ಹಂಚಿ, ನಡುವೆ ಧಾರಾಳವಾಗಿ ಅಂತರ ಬಿಡಬೇಕು. ಡಿಸ್ಕ್ ಮಣ್ಣನ್ನು ಕಡಿಮೆ ಕದಡುವುದರಿಂದ ಕಳೆಯೂ ಕಡಿಮೆ ಮೊಳೆಯುತ್ತದೆ. ಒಣ ನೆಲದಲ್ಲಿ ಅದನ್ನು ಇಳಿಸಲು ಮಾತ್ರ ಹೆಚ್ಚಿನ ತೂಕ ಬೇಕು, ಆ ತೂಕವನ್ನು ಹಳೆಯ ಚೌಕಟ್ಟು ತಡೆದುಕೊಳ್ಳಬೇಕು. ಡಿಸ್ಕ್ ಒದ್ದೆ ಹುಲ್ಲನ್ನು ಕತ್ತರಿಸದೆ ಸಾಲಿನೊಳಕ್ಕೇ ಮಡಚಿ ತುರುಕಿದರೆ ಬೀಜಕ್ಕೆ ಮಣ್ಣಿನ ಸಂಪರ್ಕವೇ ತಪ್ಪುತ್ತದೆ. ಹುಲ್ಲು ತೀರ ದಟ್ಟವಾಗಿರದ ಹೊಲಕ್ಕೆ ಕುಳವನ್ನೇ ಆರಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಸಾಲನ್ನು ಒತ್ತಿ ಮುಚ್ಚುವ ಚಕ್ರವನ್ನಂತೂ ಎರಡರಲ್ಲಿಯೂ ಬಿಡುವಂತಿಲ್ಲ.