ಪರದೆಯ ಮುಂದೆ ಪಳಗಿದ ನಿರೂಪಕರು: ಮಾಟುಂಗದ ಒಂದು ಸಂಜೆ

ಅಪ್ಪಯ್ಯನ ಸಹಸ್ರಚಂದ್ರದರ್ಶನಕ್ಕೆ ನಿರೂಪಕರನ್ನು ಹುಡುಕಲು ಹೊರಟಾಗ ನನಗೆ ಅಂಜಿಕೆಯೇ ಹೆಚ್ಚಾಗಿತ್ತು. ಎರಡು ವರ್ಷದ ಹಿಂದೆ ನಮ್ಮ ಮನೆಯ ಆರತಕ್ಷತೆಗೆ ಬಂದಿದ್ದ ನಿರೂಪಕ, ಮದುಮಗಳ ಅಜ್ಜನ ಹೆಸರನ್ನು ಮೂರು ಬಾರಿ ತಪ್ಪಾಗಿ ಹೇಳಿ, ನಾಲ್ಕನೆಯ ಬಾರಿ ‘ಹಿರಿಯರು’ ಎಂದಷ್ಟೇ ಹೇಳಿ ಮುಗಿಸಿದ್ದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಹಿರಿಯರ ಮುಖ ಇನ್ನೂ ನನ್ನ ಕಣ್ಣಿನಲ್ಲಿದೆ. ಆದ್ದರಿಂದ ಈ ಬಾರಿ ಡೊಂಬಿವಲಿಯ ಪರಿಚಿತರೊಬ್ಬರು ‘ಕಂಪನಿ ನಾಟಕದಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದವರು, ಈಗ ಮುಂಬಯಿಯಲ್ಲಿ ನಿರೂಪಣೆ ಮಾಡುತ್ತಾರೆ’ ಎಂದು ಒಬ್ಬರನ್ನು ಸೂಚಿಸಿದಾಗ, ಮೊದಲು ಮಾತನಾಡಿ ನೋಡೋಣ ಎಂದೆ.

ಕಾಲೇಜು ಗ್ರಂಥಾಲಯದಲ್ಲಿ ದುಡಿದ ನನಗೆ ಹಳೆಯ ರಂಗಭೂಮಿಯ ಕಥೆಗಳೆಂದರೆ ಪ್ರಾಣ. ಅವರ ಪರಿಚಯ ಕೇಳಿದ ಕೂಡಲೇ ನೆನಪಾದವನು ಅಮೆರಿಕದ ಜಾರ್ಜ್ ಜೆಸೆಲ್. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವನು. ತಾಯಿ ಚಿತ್ರಮಂದಿರವೊಂದರಲ್ಲಿ ಟಿಕೆಟ್ ಮಾರುತ್ತಿದ್ದಳು, ಮಗ ಅಲ್ಲಿಯೇ ಪ್ರೇಕ್ಷಕರ ಮುಂದೆ ಹಾಡಲು ತೊಡಗಿದ. ಹತ್ತು ಹನ್ನೊಂದನೆಯ ವಯಸ್ಸಿಗೇ ವಾಡೆವಿಲ್ ಸೇರಿದ. ಒಂದೇ ಸಂಜೆಯಲ್ಲಿ ಹಾಡು, ಕುಣಿತ, ಜಾದೂ, ಹಾಸ್ಯ ಎಂದು ಒಂದರ ಹಿಂದೊಂದು ತುಣುಕು ಬರುವ ಪ್ರದರ್ಶನ ಅದು. ಒಬ್ಬನ ಪಾಲಿಗೆ ಬರುವುದು ಕೆಲವೇ ನಿಮಿಷ, ಅಷ್ಟರಲ್ಲಿ ಸಭೆಯನ್ನು ಗೆಲ್ಲಬೇಕು. ಮುಂದೆ ಜೆಸೆಲ್ ಔತಣಕೂಟಗಳಲ್ಲಿ ಗಣ್ಯರನ್ನು ಪರಿಚಯಿಸುವುದರಲ್ಲಿ ಎಷ್ಟು ಹೆಸರಾದನೆಂದರೆ ಅವನನ್ನು ‘ಟೋಸ್ಟ್‌ಮಾಸ್ಟರ್ ಜನರಲ್’ ಎಂದೇ ಕರೆದರು. ಅಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥನಿಗೆ ಪೋಸ್ಟ್‌ಮಾಸ್ಟರ್ ಜನರಲ್ ಎಂಬ ಹುದ್ದೆಯಿತ್ತಲ್ಲ, ಅದರ ಮೇಲಿನ ಮಾತಿನ ಆಟ ಅದು.

ಜೆಸೆಲ್‌ಗೆ ಹೆಸರು ತಂದುಕೊಟ್ಟದ್ದು ದೂರವಾಣಿಯ ಪ್ರಸಂಗ. ವೇದಿಕೆಯ ಮೇಲೆ ನಿಂತು ತಾಯಿಗೆ ಫೋನ್ ಮಾಡುತ್ತಾನೆ. ತಾಯಿಯ ಮಾತು ನಮಗೆ ಕೇಳಿಸುವುದೇ ಇಲ್ಲ, ಇವನ ಉತ್ತರಗಳಷ್ಟೇ. ನಮ್ಮ ನಿರೂಪಕರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. ‘ತಂಗೀ, ಆ ತಾಯಿ ಆ ಕಡೆಯಿಂದ ಏನು ಹೇಳಿದಳು ಎಂಬುದು ಅವನಿಗೆ ಪೂರ್ತಿ ಗೊತ್ತಿರಬೇಕು. ಇಲ್ಲದಿದ್ದರೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ತಿಳಿಯುವುದೇ ಇಲ್ಲ’ ಎಂದರು. ಆ ಒಂದು ಮಾತಿಗೇ ನಾನು ಮುಂಗಡ ಕೊಟ್ಟೆ.

ಅವರ ಷರತ್ತು ಒಂದೇ: ಸಮಾರಂಭಕ್ಕೆ ಮುಂಚೆ ಒಮ್ಮೆ ಮನೆಗೆ ಬಂದು ಕೂರುತ್ತೇನೆ. ಬಂದವರು ಮೂರು ಗಂಟೆ ಕುಳಿತರು. ಅಪ್ಪಯ್ಯ 1957ರಲ್ಲಿ ಹದಿನಾಲ್ಕರ ಹುಡುಗನಾಗಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಇಲ್ಲಿನ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಕಾಲದ ಎಷ್ಟೋ ಹೋಟೆಲ್ ಹುಡುಗರು ಅಕ್ಷರ ಕಂಡದ್ದು ಅಂಥ ರಾತ್ರಿಶಾಲೆಗಳಲ್ಲಿಯೇ. ನಾವು ಮಕ್ಕಳು ಇದನ್ನೆಲ್ಲ ನೂರು ಬಾರಿ ಕೇಳಿದ್ದೆವು. ಆದರೆ ನಿರೂಪಕರು ನಾವು ಯಾರೂ ಕೇಳದ ಪ್ರಶ್ನೆ ಕೇಳಿದರು: ‘ಯಜಮಾನರೇ, ನೀವು ಬರೆದ ಕಾಗದವನ್ನು ಊರಿನಲ್ಲಿ ಓದುತ್ತಿದ್ದವರು ಯಾರು?’ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಂಚೆಯವನೇ ಜಗಲಿಯಲ್ಲಿ ಕುಳಿತು ಓದಿ ಹೇಳುತ್ತಿದ್ದನಂತೆ. ಇದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಜೂನ್ ತಿಂಗಳ ಕೊನೆಯ ಭಾನುವಾರ, ಮಾಟುಂಗದ ಒಂದು ಸಣ್ಣ ಸಭಾಂಗಣ. ಬೆಳಗಿನ ಹೋಮ, ಊಟ ಎಲ್ಲ ಸಾಂಗವಾಗಿ ಮುಗಿದವು. ಸಂಜೆಯ ಸಭೆಗೆ ಜೋರು ಮಳೆ. ಕುರ್ಲಾ ಮತ್ತು ಸಯನ್ ನಡುವೆ ಹಳಿಗಳ ಮೇಲೆ ನೀರು ನಿಂತು, ಮುಖ್ಯ ಅತಿಥಿಗಳು ಲೋಕಲ್ ರೈಲಿನಲ್ಲಿಯೇ ಸಿಕ್ಕಿಕೊಂಡರು. ನಾನು ಬೆವೆತುಹೋದೆ. ನಿರೂಪಕರು ಮೈಕನ್ನು ಕೈಗೆ ತೆಗೆದುಕೊಂಡು ಸುಮ್ಮನೆ ಮುಂದೆ ಬಂದರು. ಕಂಪನಿ ನಾಟಕದಲ್ಲಿ ಹಿಂದೆ ಅರಮನೆಯ ಸೀನು ತೆಗೆದು ಕಾಡಿನ ಸೀನು ಕಟ್ಟುವವರೆಗೆ, ಮುಂದಿನ ಪರದೆ ಬಿಟ್ಟು ಹಾಸ್ಯಗಾರನನ್ನು ಹೊರಗೆ ಕಳಿಸುತ್ತಾರೆ. ಸೀನು ಕಟ್ಟುವುದು ತಡವಾದರೆ ಅವನು ಮಾತು ಬೆಳೆಸಬೇಕು, ಬೇಗ ಮುಗಿದರೆ ತಟ್ಟನೆ ಕತ್ತರಿಸಬೇಕು. ಬಾದಾಮಿಯ ಬನಶಂಕರಿ ಜಾತ್ರೆಯ ಕ್ಯಾಂಪುಗಳಲ್ಲಿ ಕಂಪನಿಗಳು ಸಾಲಾಗಿ ತಂಬು ಹಾಕಿರುತ್ತವೆ, ಪಕ್ಕದ ತಂಬಿನ ಧ್ವನಿವರ್ಧಕ ಕೂಗುತ್ತಿರುತ್ತದೆ. ಅದರ ನಡುವೆ ‘ಒನ್ಸ್ ಮೋರ್’ ಅನ್ನಿಸಿಕೊಂಡವರು ಇವರು. ವಾಡೆವಿಲ್‌ನಲ್ಲಿಯೂ ಇದೇ ಕ್ರಮ: ಹಿಂದೆ ಸಾಮಾನು ಎಳೆಯುವಾಗ ಮುಂದಿನ ಪರದೆಯೆದುರು ಒಬ್ಬ ಮಾತುಗಾರ.

ಇಪ್ಪತ್ತೆರಡು ನಿಮಿಷ. ಆ ಹೊತ್ತಿನಲ್ಲಿ ಅವರು ನನ್ನ ಅಜ್ಜಿಯಾದರು. ಸೆರಗಿಲ್ಲ, ವೇಷವಿಲ್ಲ, ಕುಂದಾಪುರದ ಮಾತನ್ನು ಅನುಕರಿಸುವ ಗೋಜಿಗೂ ಹೋಗಲಿಲ್ಲ. ಒಂದು ಕುರ್ಚಿಯಲ್ಲಿ ಕುಳಿತು, ಕಾಣದ ಅಂಚೆಯವನ ಕಡೆಗೆ ಕಿವಿ ಕೊಟ್ಟರು. ಕಾಗದ ನಮಗೆ ಕೇಳಿಸಲೇ ಇಲ್ಲ. ‘ಊಟ ಚೆನ್ನಾಗಿದೆ ಎಂದು ಬರೆದಿದ್ದಾನೆಯೇ?’ ಎಂದರು. ಸುಮ್ಮನಾದರು. ‘ಏನು ಊಟ ಎಂದು ಬರೆದಿಲ್ಲವೇ?’ ಮತ್ತೆ ಸುಮ್ಮನಾದರು. ‘ಹಾಗಾದರೆ ಇನ್ನೊಮ್ಮೆ ಓದು.’ ಎಂಬತ್ತೊಂದರ ಅಪ್ಪಯ್ಯ ಮೊದಲು ನಕ್ಕರು, ಆಮೇಲೆ ಹೆಗಲ ಮೇಲಿನ ಶಾಲನ್ನು ಕಣ್ಣಿಗೆ ಒತ್ತಿಕೊಂಡರು. ಒದ್ದೆಯಾದ ಕೊಡೆ ಹಿಡಿದು ಅತಿಥಿಗಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಅಜ್ಜಿ ಎದ್ದು ‘ಯಾರೋ ಬಂದರು, ಒಳಗೆ ಕರೆಯಿರಿ’ ಎಂದಳು, ಸಭೆ ಶುರುವಾಯಿತು.

ಒಂದೂ ಹೆಸರು ತಪ್ಪಲಿಲ್ಲ. ಯಾರನ್ನೂ ಅತಿಯಾಗಿ ಹೊಗಳಲೂ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಅಪ್ಪಯ್ಯನ ಮರಾಠಿ ಗೆಳೆಯರು ಆರೇಳು ಮಂದಿ ಇದ್ದರು, ಅವರಿಗಾಗಿ ನಾಲ್ಕು ಮಾತು ಮರಾಠಿಯಲ್ಲಿ ಬರಲಿಲ್ಲ. ಹತ್ತಾರು ವರ್ಷ ಮುಂಬಯಿಯಲ್ಲಿರುವವರಿಂದ ಇದನ್ನು ನಿರೀಕ್ಷಿಸುವುದು ತಪ್ಪಲ್ಲ. ಕೊನೆಯಲ್ಲಿ ಓದಿದ ಆಶುಕವಿತೆ ಉದ್ದವಾಯಿತು, ಮಕ್ಕಳು ಎದ್ದು ಹೋದರು. ಇವರು ಪಡೆದದ್ದು ಹನ್ನೆರಡು ಸಾವಿರ ರೂಪಾಯಿ, ಜೊತೆಗೆ ಹೋಗಿಬರುವ ಖರ್ಚು. ಪರದೆಯ ಮೇಲೆ ಚಿತ್ರ ತೋರಿಸುವುದು, ಆಟ ಆಡಿಸುವುದು ಇವರಲ್ಲಿಲ್ಲ. ಅದು ಬೇಕಾದವರು ಬೇರೆಯವರನ್ನು ನೋಡಬೇಕು. ಮನೆಗೆ ಬಂದು ಕೂರಲು ಸಮಯ ಕೊಡಲಾಗದಿದ್ದರೆ ಇವರನ್ನು ಕರೆಯಲೇಬೇಡಿ.

ಬಾಕಿ ಹಣ ಕೊಡುವಾಗ, ‘ಆ ಫೋನಿನವನ ಕಥೆ ಮುಂದೇನಾಯಿತು?’ ಎಂದು ಕೇಳಿದರು. ಹೇಳಿದೆ. 1925ರಲ್ಲಿ ಬ್ರಾಡ್‌ವೇಯಲ್ಲಿ ‘ದಿ ಜಾಝ್ ಸಿಂಗರ್’ ನಾಟಕದ ನಾಯಕ ಜೆಸೆಲ್. ಆದರೆ 1927ರಲ್ಲಿ ಅದು ಚಲನಚಿತ್ರವಾದಾಗ, ಮಾತಿನ ಚಿತ್ರಗಳ ಯುಗ ತೆರೆದ ಆ ಪಾತ್ರ ಆಲ್ ಜಾಲ್ಸನ್ ಪಾಲಾಯಿತು. 1950ರಲ್ಲಿ ಜಾಲ್ಸನ್ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ನಿಂತು ಶ್ರದ್ಧಾಂಜಲಿಯ ಮಾತು ಆಡಿದವನು ಇದೇ ಜೆಸೆಲ್.

ನಿರೂಪಕರು ಹಣ ಎಣಿಸದೆ ಜೇಬಿಗೆ ಹಾಕಿಕೊಂಡು, ‘ಆ ಮಾತು ಆಡುವ ಮುಂಚೆ ಅವನು ಎಷ್ಟು ಹೊತ್ತು ಸುಮ್ಮನಿದ್ದನೋ’ ಎಂದು ಮಳೆಯಲ್ಲಿಯೇ ನಿಲ್ದಾಣದ ಕಡೆಗೆ ಹೊರಟರು.